ತೊಗಟೆಯ ಮೇಲಿಲ್ಲದ ಅಕ್ಷರ

"ಹೊತ್ತು" ದಾಟಿದ ಮೇಲೆ ಬೆರಳಿಗೆ ಏನೂ ಸಿಗಲಿಲ್ಲ.

ಇನ್ಸ್‌ಪೆಕ್ಟರ್ ಕನ್ನಡಕವನ್ನು ಹಣೆಗೇರಿಸಿ ಮೊದಲಿನಿಂದ ಮತ್ತೊಮ್ಮೆ ಸವರಿದಳು. "ಸ್ವಲ್ಪ" ಸಿಕ್ಕಿತು. "ಹೊತ್ತು" ಸಿಕ್ಕಿತು. ಆಮೇಲೆ ಒಂದು ಗೇಣು ಬರೀ ನುಣುಪು. ಅದರಾಚೆ "ಹೋಗಿ". ನಡುವೆ ಇರಬೇಕಾಗಿದ್ದ "ಕೂತು" ಎಂಬ ಮಾತು ಇರಲಿಲ್ಲ. ಆ ಜಾಗದಲ್ಲಿ ತೊಗಟೆಯೇ ಎದ್ದುಹೋಗಿ ಅಡಿಯ ಬಿಳಿ ಮರ ಕಾಣುತ್ತಿತ್ತು.

ಕೆತ್ತನೆಯ ಶೆಡ್ಡಿಗೆ ವಾಪಸು ತರಿಸಿದ್ದ ಏಳಡಿ ಉದ್ದದ ಮಾವಿನ ಹಲಗೆ. ಆಸ್ಪತ್ರೆಯ ತೋಟದ ಬೆಂಚಿಗೆ ಒರಗು ಹಲಗೆಯಾಗಿ ಹೋಗಬೇಕಿತ್ತು. "ಸ್ವಲ್ಪ ಹೊತ್ತು ಕೂತು ಹೋಗಿ" ಎಂದು ಕೆತ್ತಿಸಿಕೊಡಿ ಅಂತ ಆಸ್ಪತ್ರೆಯವರು ಹೇಳಿದ್ದರು. ಕೈಗೆ ಬಂದದ್ದು "ಸ್ವಲ್ಪ ಹೊತ್ತು ಹೋಗಿ". ರೋಗಿಗಳನ್ನು ನೋಡಿ ಸಾಕಾದ ಡಾಕ್ಟರೇ ಬರೆಸಿದ ಹಾಗಿದೆ ಎಂದು ದಫೇದಾರರು ಗೊಣಗಿದ್ದರು. ಆಸ್ಪತ್ರೆಯವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಹಲಗೆಯನ್ನು ವಾಪಸು ಕಳಿಸಲು ಕಾರಿಡಾರಿನ ಗೋಡೆಗೆ ಒರಗಿಸಿಟ್ಟಿದ್ದರು.

ಮೊನ್ನೆ ಮಂಡಿನೋವು ತೋರಿಸಲು ಹೋದ ಇನ್ಸ್‌ಪೆಕ್ಟರ್ ಅದರೆದುರಿನ ಕುರ್ಚಿಯಲ್ಲೇ ಕೂತಿದ್ದಳು. ಅವಳ ಸರದಿಯ ನಂಬರು ಎರಡು ಸಲ ಕೂಗಿದರೂ ಕಿವಿಗೆ ಬಿದ್ದಿರಲಿಲ್ಲ.

ಏಕೆಂದರೆ ಹನ್ನೊಂದು ದಿನದ ಹಿಂದೆ ಇದೇ ಶೆಡ್ಡಿನಲ್ಲಿ, ಇದೇ ಹಲಗೆಯ ಕೆಳಗೆ, ಹಿರಿಯ ಕೆತ್ತನೆಗಾರ ಸತ್ತು ಬಿದ್ದಿದ್ದ. ಇಪ್ಪತ್ತು ನಿಮಿಷ ಅತ್ತಿತ್ತ ನೋಡಿ "ಆಕಸ್ಮಿಕ" ಎಂದು ಬರೆದು ಸಹಿ ಹಾಕಿ ಹೋದವಳು ಅವಳೇ.

ಅವತ್ತು ಸಂಜೆ ಆರಕ್ಕೆ ಮೇಲಧಿಕಾರಿಗಳ ಸಭೆ ಇತ್ತು. ಸಭೆ ಆರೂವರೆಗೆ ಶುರುವಾಗಿ ಚಹಾ ಬಿಸ್ಕತ್ತಿನಲ್ಲಿ ಮುಗಿಯಿತು. ಅಲ್ಲಿ ಯಾರು ಏನು ಮಾತಾಡಿದರೆಂದು ಈಗ ನೆನಪಿಸಿಕೊಂಡರೂ ಒಂದು ವಾಕ್ಯ ಬಾಯಿಗೆ ಬರುತ್ತಿರಲಿಲ್ಲ.

ಊರೆಲ್ಲ ಆತನನ್ನು ಉಳಿಯಣ್ಣ ಎಂದೇ ಕರೆಯುತ್ತಿತ್ತು. ಹದಿನಾಲ್ಕನೇ ವಯಸ್ಸಿಗೆ ಉಳಿ ಹಿಡಿದವನು ಅರವತ್ತೆರಡಕ್ಕೂ ಬಿಟ್ಟಿರಲಿಲ್ಲ. ಶೆಡ್ಡಿನ ಎಡಗೋಡೆ ಪೂರ್ತಿ ಅವನದು. ಮೊಳೆಗೊಂದರಂತೆ ನೇತುಹಾಕಿದ ಉಳಿಗಳು, ಹಿಡಿಕೆಗಳು ಬೆವರು ಕುಡಿದು ಕಪ್ಪಾಗಿದ್ದವು. ಬಲಗಡೆಗೆ ಕಂಪ್ಯೂಟರಿನಿಂದ ನಡೆಯುವ ಕೆತ್ತನೆ ಯಂತ್ರ. ಅದು ತಮ್ಮನದು.

ಆರು ವರ್ಷದ ಹಿಂದೆ ತಮ್ಮ ಅದನ್ನು ತಂದಾಗ ಅಣ್ಣ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಶೆಡ್ಡಿನ ನಡುವೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಅದರಾಚೆ ಏನು ಬೇಕಾದರೂ ಮಾಡಿಕೋ ಎಂದನಂತೆ. ಗೆರೆ ಎಂದೋ ಅಳಿಸಿಹೋಗಿತ್ತು. ಅಣ್ಣ ಮಾತ್ರ ಆಚೆಗೆ ಕಾಲಿಡುತ್ತಿರಲಿಲ್ಲ.

ಸಾಮಾನ್ಯ ಹಲಗೆ ಕೆತ್ತುವುದು ಯಂತ್ರಕ್ಕೆ ನೀರು ಕುಡಿದ ಹಾಗೆ. ತೋಪಡಾ ಹೊಡೆದು ಮಟ್ಟ ಮಾಡಿದ ಮರವನ್ನು ಬಿಗಿದು ಗುಂಡಿ ಒತ್ತಿದರೆ ಸಾಕು. ಕಷ್ಟ ಬರುವುದು ಇಂಥ ಹಲಗೆಯಲ್ಲಿ. ದಿಮ್ಮಿ ಸೀಳುವಾಗ ಎಲ್ಲಕ್ಕಿಂತ ಮೊದಲು ಬರುವ ಹೊರಪಟ್ಟಿ ಇದು. ಒಂದು ಮುಖ ಪೂರ್ತಿ ತೊಗಟೆ. ಅಲ್ಲಿ ಉಬ್ಬು, ಇಲ್ಲಿ ತಗ್ಗು, ಮಧ್ಯೆ ಗಂಟು. ಹಿಂದೆ ಇದನ್ನು ಒಲೆಗೆ ಹಾಕುತ್ತಿದ್ದರು. ಈಗ ಜನ ಇದನ್ನೇ ಹುಡುಕಿಕೊಂಡು ಬರುತ್ತಾರೆ.

ಅದಕ್ಕೆ ಯಂತ್ರ ಮೊದಲು ಸೂಜಿ ಇಳಿಸಿ ಹಲಗೆಯನ್ನು ಒಂದೆರಡು ಬೆರಳಗಲಕ್ಕೊಮ್ಮೆ ಮುಟ್ಟಿ ಮುಟ್ಟಿ ನೋಡುತ್ತದೆ. ಎಲ್ಲಿ ಎಷ್ಟು ಎತ್ತರ ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಸೂಜಿ ತೆಗೆದು ಕೊರೆಯುವ ಮೊನೆ, ಅಂದರೆ ಬಿಟ್ಟು, ಹಾಕಿದರೆ, ಆ ಗುರುತಿನ ಮೇಲೆಯೇ ಏರುತ್ತ ಇಳಿಯುತ್ತ ಎಲ್ಲ ಕಡೆ ಒಂದೇ ಆಳಕ್ಕೆ ಕೆತ್ತುತ್ತದೆ. ಮಾವಿನ ತೊಗಟೆ ಮೇಲೆ ಬೂದಿ ಬಣ್ಣ, ಒಳಗೆ ಕೆಂಪು. ಬಿಟ್ಟು ಆ ಕೆಂಪಿನವರೆಗೆ ಇಳಿಯಬೇಕು, ಮರ ಮುಟ್ಟಬಾರದು. ಅಕ್ಷರ ಆಗ ಎದ್ದು ಕಾಣುತ್ತದೆ.

ಇಷ್ಟನ್ನೂ ಇನ್ಸ್‌ಪೆಕ್ಟರ್ ನಿನ್ನೆಯಷ್ಟೇ ಕಲಿತಿದ್ದಳು. ಯಂತ್ರ ಮಾರಿದ ಕಂಪನಿಯ ರಿಪೇರಿಯವನನ್ನು ಕರೆಸಿ ಎರಡು ಗಂಟೆ ಪಾಠ ಹೇಳಿಸಿಕೊಂಡಿದ್ದಳು. ಹೋಗುವಾಗ ಅವನು ಯಂತ್ರದ ಹೊಟ್ಟೆಯಿಂದ ಎರಡು ಹಾಳೆ ಮುದ್ರಿಸಿ ಕೊಟ್ಟಿದ್ದ. ಅವು ಈಗ ಅವಳ ಕೈಚೀಲದಲ್ಲಿದ್ದವು.

"ಕರೀರಿ ಅವರನ್ನ" ಎಂದಳು ದಫೇದಾರರಿಗೆ.

ತಮ್ಮ ಒಳಗೆ ಬಂದ. ಐವತ್ತೊಂದು ವರ್ಷದ ದಪ್ಪ ಕೈಗಳ ಮನುಷ್ಯ. ಹನ್ನೊಂದು ದಿನದಲ್ಲಿ ಅಂಗಿ ಎರಡು ಅಳತೆ ದೊಡ್ಡದಾದ ಹಾಗೆ ಕಾಣುತ್ತಿತ್ತು. ಅವನ ಹಿಂದೆಯೇ ಉಳಿಯಣ್ಣನ ಮಗಳು ಬಂದು, ಕುರ್ಚಿಯೊಂದನ್ನು ಇಟ್ಟು, ನಿಮಗೇನಾದರೂ ಬೇಕಾ ಮೇಡಂ ಎಂದು ಕೇಳಿದಳು. ಏನೂ ಬೇಡ ಎಂದ ಮೇಲೆ ಸದ್ದಿಲ್ಲದೆ ಮುಂದಿನ ಕೋಣೆಗೆ ಹೋದಳು. ಶೆಡ್ಡಿಗೂ ಆ ಕೋಣೆಗೂ ನಡುವೆ ಒಂದು ಗಾಜಿನ ಕಿಟಕಿ. ಗಾಜಿನಾಚೆ ಅವಳು ಕಂಪ್ಯೂಟರಿನ ಮುಂದೆ ಕೂತದ್ದು ಕಾಣುತ್ತಿತ್ತು. ಅಕ್ಷರ ಬಿಡಿಸುವುದು ಅವಳ ಕೆಲಸ. ಹಲಗೆಯ ಮೇಲಿನ "ಸ್ವಲ್ಪ ಹೊತ್ತು" ಕೂಡ ಅವಳು ಬಿಡಿಸಿದ್ದೇ.

ಇನ್ಸ್‌ಪೆಕ್ಟರ್ ತಮ್ಮನಿಗೆ ಕೂರಲು ಹೇಳಿ, ಅವತ್ತು ಕೊಟ್ಟ ಹೇಳಿಕೆಯನ್ನು ಇನ್ನೊಮ್ಮೆ ಹೇಳಿಸಿದಳು. ಅವನು ಒಪ್ಪಿಸಿದ. ಬೆಳಿಗ್ಗೆ ಯಂತ್ರ ಹಲಗೆಯನ್ನು ಮುಟ್ಟಿ ನೋಡಿ ಮುಗಿಸಿತ್ತು. ಹನ್ನೆರಡೂವರೆ ಸುಮಾರಿಗೆ ಕೆತ್ತನೆ ಶುರುಮಾಡಿ, ಕಣ್ಣಿಟ್ಟಿರು ಎಂದು ಅಣ್ಣನಿಗೆ ಹೇಳಿ, ಅವನು ಔಷಧಿ ಅಂಗಡಿಯೊಂದಕ್ಕೆ ಕೌಂಟರ್ ಜೋಡಿಸಲು ಹೋದ. ಅಲ್ಲಿ ಒಂದು ಗಂಟೆಯಿಂದ ನಾಲ್ಕರವರೆಗೆ ಒಂಬತ್ತು ಜನ ಅವನನ್ನು ನೋಡಿದ್ದಾರೆ. ನಾಲ್ಕೂ ಕಾಲಿಗೆ ಆಸ್ಪತ್ರೆಯವರನ್ನು ಕರೆದುಕೊಂಡು ಬಂದಾಗ ಅಣ್ಣ ಬಿದ್ದಿದ್ದ. ಕೆತ್ತನೆ ಮುಗಿದ ಮೇಲೆ ಹಲಗೆಯ ಪುಡಿ ಗುಡಿಸಲು ಸ್ಟೂಲು ಹತ್ತಿರಬೇಕು, ಕಾಲು ಜಾರಿ ತಲೆ ಹಲಗೆಯ ಅಂಚಿಗೆ ಬಡಿದಿರಬೇಕು.

"ನೀವೇ ಹಾಗೆ ಹೇಳಿದ್ರಿ ಮೇಡಂ" ಎಂದು ಕೊನೆಗೆ ಸೇರಿಸಿದ.

ಹೌದು, ಅವಳೇ ಹೇಳಿದ್ದಳು. ಆ ಮಾತು ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಠಾಣೆಯ ಮೊಹರು ಇದ್ದ ಕವರು. ಒಳಗೆ ಒಂದು ತುಂಡು ತೊಗಟೆ, ಗೇಣುದ್ದ, ಒಂದು ತುದಿಗೆ ಕಂದು ಕಲೆ. ಅವತ್ತು ಉಳಿಯಣ್ಣನ ಅಂಗಿಯ ಕಾಲರಿನೊಳಗೆ ಸಿಕ್ಕಿಕೊಂಡಿದ್ದದ್ದು. ಪಟ್ಟಿಯಲ್ಲಿ "ತೊಗಟೆ, ಒಂದು" ಎಂದು ಬರೆದು ಬೀರುವಿಗೆ ಹಾಕಿದ್ದರು. ಮೊನ್ನೆಯವರೆಗೆ ಯಾರೂ ಅದನ್ನು ತಿರುಗಿ ನೋಡಿರಲಿಲ್ಲ.

ಕೈಗವಸು ಹಾಕಿಕೊಂಡು ಅದನ್ನು ಹಲಗೆಯ ಖಾಲಿ ಜಾಗದ ಮೇಲಿಟ್ಟಳು. ಸ್ವಲ್ಪ ತಿರುಗಿಸಿದಳು. ತುಂಡು ಮುರಿದ ಅಂಚಿಗೆ ಅಂಚು ಕೂಡಿ ತನ್ನ ಜಾಗದಲ್ಲಿ ಕೂತಿತು.

"ಓದಿ" ಎಂದಳು.

ತಮ್ಮ ಹಲಗೆ ನೋಡಿದ. ತುಟಿ ಅಲುಗಿತು.

ತುಂಡಿನ ಮೇಲೆ ಅಕ್ಷರವಿರಲಿಲ್ಲ. ಬೂದಿ ಬಣ್ಣದ ಹಳೇ ತೊಗಟೆ, ಮರದಲ್ಲಿದ್ದಾಗ ಹೇಗಿತ್ತೋ ಹಾಗೆ.

ಇನ್ಸ್‌ಪೆಕ್ಟರ್ ದನಿ ಏರಿಸದೆ ಹೇಳುತ್ತ ಹೋದಳು. ಕೆತ್ತನೆ ಮುಗಿದ ಮೇಲೆ ಆತ ಬಿದ್ದಿದ್ದರೆ, ತಲೆ ಬಡಿದು ಎದ್ದ ತೊಗಟೆಯ ಮೇಲೆ "ಕೂತು" ಇರಬೇಕಿತ್ತು. ಇಲ್ಲ. ಅಂದರೆ ಯಂತ್ರ ಅಲ್ಲಿಗೆ ಬರುವ ಹೊತ್ತಿಗೆ ಈ ತುಂಡು ಹಲಗೆಯ ಮೇಲಿರಲಿಲ್ಲ. ಆದರೆ ಬೆಳಿಗ್ಗೆ ಸೂಜಿ ಮುಟ್ಟಿದಾಗ ಇತ್ತು. ಅದಕ್ಕೆ ಗುರುತು ಯಂತ್ರದ ಹೊಟ್ಟೆಯಲ್ಲೇ ಇದೆ. ಆ ಗುರುತನ್ನು ನಂಬಿಕೊಂಡು ಯಂತ್ರ, ಇಲ್ಲದ ತೊಗಟೆಯ ಎತ್ತರದಲ್ಲಿ ಬಿಟ್ಟು ತಿರುಗಿಸುತ್ತ, ಒಂದು ಮಾತನ್ನು ಪೂರ್ತಿ ಗಾಳಿಯಲ್ಲಿ ಕೆತ್ತಿ ಮುಂದೆ ಹೋಗಿದೆ.

"ಸೂಜಿ ಕೆಲಸ ಮುಗಿದಿದ್ದು ಹನ್ನೊಂದೂ ಇಪ್ಪತ್ತಕ್ಕೆ. ಕೆತ್ತನೆ ಗುಂಡಿ ಒತ್ತಿದ್ದು ಹನ್ನೆರಡೂ ಮೂವತ್ನಾಲ್ಕಕ್ಕೆ. ನಿಮ್ಮಣ್ಣ ಬಿದ್ದಿದ್ದು ಇವೆರಡರ ಮಧ್ಯೆ" ಎಂದಳು. "ಬಿದ್ದೋರು ಎದ್ದು ಗುಂಡಿ ಒತ್ತಲಿಲ್ಲ. ಒತ್ತಿದೋರು ಯಾರು?"

ಶೆಡ್ಡಿನ ತಗಡಿನ ಮೇಲೆ ಹಕ್ಕಿಯೊಂದು ನಡೆದಾಡುವ ಸದ್ದು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಉಜ್ಜುವ ಸದ್ದು. ತಮ್ಮ ತನ್ನ ಅಂಗೈಗಳನ್ನು ನೋಡಿಕೊಂಡು ಕೂತಿದ್ದ.

ಇನ್ಸ್‌ಪೆಕ್ಟರಿಗೆ ಅವತ್ತಿನ ಚಿತ್ರ ಮತ್ತೆ ಕಣ್ಣ ಮುಂದೆ ಬಂತು. ಬೋರಲು ಬಿದ್ದ ಮುದುಕ. ಬೆನ್ನ ಮೇಲೆ, ಕೂದಲಲ್ಲಿ, ಕಿವಿಯ ಮಡಿಕೆಯಲ್ಲಿ ಕೆಂಪು ಪುಡಿ. ಬೆರಳಲ್ಲಿ ಗೆರೆ ಎಳೆಯಬಹುದಾದಷ್ಟು ದಪ್ಪ. ಮರಗೆಲಸದವನ ಮೈಮೇಲೆ ಹೊಟ್ಟಿರದೆ ಇನ್ನೇನಿರುತ್ತದೆ ಅಂದುಕೊಂಡಿದ್ದಳು. ಆ ಪುಡಿ ಅವನು ಬಿದ್ದ ಮೇಲೆ ಅವನ ಮೇಲೆ ಉದುರಿದ್ದು. ಮೂರು ಗಂಟೆ ಹೊತ್ತು. ಕಣ್ಣೆದುರಿಗೇ ಇತ್ತು. ಅವಳು ನೋಡಿದ್ದಳು, ಆದರೂ ಕಂಡಿರಲಿಲ್ಲ.

"ಆ ಹಲಗೆ ಅಣ್ಣಂದು" ಎಂದ ತಮ್ಮ.

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಹಳೇ ಮನೆಯ ಹಿತ್ತಲಲ್ಲಿ ಒಂದು ಮಾವಿನ ಮರ ಇತ್ತು. ರಸ್ತೆ ಅಗಲ ಮಾಡುವಾಗ ಕಡಿಸಬೇಕಾಯಿತು. ತೊಗಟೆ ಬಿಡದೆ ಕಚ್ಚಿಕೊಂಡಿರಲೆಂದು ಅಣ್ಣ ಚಳಿಗಾಲದವರೆಗೆ ಕಾದು, ಅಧಿಕಾರಿಗಳ ಕೈಕಾಲು ಹಿಡಿದು ತಡಮಾಡಿಸಿ, ತಾನೇ ನಿಂತು ಕಡಿಸಿದ್ದ. ಹೊರಪಟ್ಟಿಯೊಂದನ್ನು ಇಟ್ಟುಕೊಂಡ. ಹನ್ನೊಂದು ವರ್ಷ ಅದನ್ನು ನೆರಳಲ್ಲಿಟ್ಟು, ಆಗಾಗ ಮಗ್ಗುಲು ತಿರುಗಿಸಿ, ಹುಳ ಬೀಳದ ಹಾಗೆ ಮಗುವನ್ನು ನೋಡಿಕೊಂಡಂತೆ ನೋಡಿಕೊಂಡ. ಯಾರಿಗೆ, ಯಾತಕ್ಕೆ ಎಂದು ಕೇಳಿದರೆ ನಗುತ್ತಿದ್ದ, ಹೇಳುತ್ತಿರಲಿಲ್ಲ.

ಆಸ್ಪತ್ರೆಯವರಿಗೆ ಎಂದು ತಂದಿಟ್ಟಿದ್ದ ಹಲಗೆ ಹಿಂದಿನ ದಿನ ಬಿರುಕು ಬಿಟ್ಟಿತ್ತು. ಮಾರನೇ ಸಂಜೆ ಅವರು ನೋಡಲು ಬರುವವರಿದ್ದರು. ತಮ್ಮ ಅಣ್ಣನ ಹಲಗೆಯನ್ನು ಎತ್ತಿ ಯಂತ್ರಕ್ಕೆ ಬಿಗಿದ.

"ಕೇಳಿದ್ರೆ ಕೊಡ್ತಾ ಇದ್ನೋ ಏನೋ" ಎಂದ. "ಕೇಳಲಿಲ್ಲ. ಆರು ವರ್ಷದಿಂದ ನನ್ನ ಕೆಲಸದ ಬಗ್ಗೆ ಒಂದು ಒಳ್ಳೇ ಮಾತು ಆಡಿರಲಿಲ್ಲ ಅವನು. ಒಂದ್ಸಲ ತೋರಿಸ್ಬೇಕು ಅನ್ನಿಸ್ತು. ನೀನು ಕೈಯಲ್ಲಿ ಮಾಡೋದಕ್ಕಿಂತ ಚೆನ್ನಾಗಿ ನಿನ್ನ ಮರದ ಮೇಲೇ ಮಾಡ್ತೀನಿ ನೋಡು ಅಂತ."

ಅಣ್ಣ ಹನ್ನೆರಡು ಗಂಟೆಗೆ ಬಂದ. ಹಲಗೆಯನ್ನು ನೋಡಿದ. ಬೈಯಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಗೆರೆ ದಾಟಿ ಬಂದು, ಹಲಗೆ ಬಿಗಿದಿದ್ದ ಯಂತ್ರದ ಹಿಡಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ತಮ್ಮ ಬೇಡ ಅಂದ. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ಭುಜ ಹಿಡಿದು ಎಳೆದ.

"ತಳ್ಳಿದ್ರಾ, ಎಳೆದ್ರಾ?"

"ಎಳೆದೆ. ಅವನು ಕೊಸರಿಕೊಂಡ. ನಾನು ಕೈ ಬಿಟ್ಟೆ." ಅವನು ಕಣ್ಣು ಮುಚ್ಚಿಕೊಂಡ. "ಬಿಡಬಾರದಿತ್ತು ಮೇಡಂ. ಹಿಡ್ಕೊಂಡೇ ಇದ್ದಿದ್ರೆ ಬೀಳ್ತಿರಲಿಲ್ಲ."

ತಲೆ ಹಲಗೆಗೆ ಬಡಿದ ಸದ್ದು, ತೊಗಟೆ ಸಿಡಿದ ಸದ್ದು, ಎರಡೂ ಒಟ್ಟಿಗೆ ಬಂದವಂತೆ. ಅಣ್ಣ ಅಲುಗಲಿಲ್ಲ. ರಕ್ತ ಬಹಳ ಇರಲಿಲ್ಲ. ತಮ್ಮ ಎರಡು ಸಲ ಕೂಗಿ ನೋಡಿದ.

"ಉಸಿರಿದೆಯಾ ಅಂತ ನೋಡಿದ್ರಾ?"

ಮೂಗಿನ ಹತ್ತಿರ ಕೈ ತೆಗೆದುಕೊಂಡು ಹೋದೆ, ಇಡಲು ಧೈರ್ಯ ಬರಲಿಲ್ಲ ಎಂದ. ಇಟ್ಟು, ಉಸಿರಿಲ್ಲ ಎಂದು ಗೊತ್ತಾದರೆ ಅದನ್ನು ಹೇಗೆ ತಡೆದುಕೊಳ್ಳಲಿ ಅನ್ನಿಸಿತಂತೆ. ಹಾಗಾಗಿ ಇಲ್ಲವೆಂದೇ ತಿಳಿದುಕೊಂಡ. ಶೆಡ್ಡು ಸದ್ದಿಲ್ಲದೆ ಬಿದ್ದಿದ್ದರೆ ವೆಲ್ಡಿಂಗಿನವರು ಇಣುಕುತ್ತಾರೆ ಎಂದು ಹಿಡಿಗಳನ್ನು ಮತ್ತೆ ಬಿಗಿದು ಗುಂಡಿ ಒತ್ತಿದ. ಅಣ್ಣನ ಪಕ್ಕ ಸ್ಟೂಲು ಉರುಳಿಸಿ ಹೊರಟುಹೋದ.

ಔಷಧಿ ಅಂಗಡಿಯಲ್ಲಿ ಅವನು ಜೋಡಿಸಿದ ಕೌಂಟರು ಒಂದು ನೂಲಿನಷ್ಟೂ ವಾರೆಯಿರಲಿಲ್ಲ ಎಂದು ಅಂಗಡಿಯವರು ಹೊಗಳಿದ್ದು ಇನ್ಸ್‌ಪೆಕ್ಟರಿಗೆ ನೆನಪಾಯಿತು. ದಫೇದಾರರು ಬರೆದುಕೊಳ್ಳುವುದನ್ನು ನಿಲ್ಲಿಸಿ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಅವರಿಗೂ ಒಬ್ಬ ಅಣ್ಣ ಇದ್ದ.

ಇಲ್ಲಿಗೆ ಮುಗಿಸಬಹುದಿತ್ತು. ಹೇಳಿಕೆಗೆ ಸಹಿ ತೆಗೆದುಕೊಂಡು ಜೀಪು ಹತ್ತಿಸಿದರೆ ಆಯಿತು. ಹನ್ನೊಂದು ದಿನದ ಹಿಂದಿನ ಇನ್ಸ್‌ಪೆಕ್ಟರ್ ಆಗಿದ್ದರೆ ಹಾಗೇ ಮಾಡುತ್ತಿದ್ದಳು.

ಆದರೆ ಈ ಸಲ ಅವಳು ಡಾಕ್ಟರ ವರದಿಯನ್ನು ಓದಿಕೊಂಡು ಬಂದಿದ್ದಳು. ಅದು ಬಂದು ಒಂದು ವಾರವಾಗಿತ್ತು. ಮುಗಿದ ಕೇಸು ಎಂದು ಬಿಚ್ಚದೆ ಫೈಲಿಗೆ ಸೇರಿಸಿದ್ದರು. ಅದರಲ್ಲಿ ಒಂದು ಸಾಲಿತ್ತು. ಪೆಟ್ಟು ಬಿದ್ದ ಮೇಲೆ ಎರಡು ಗಂಟೆಗೂ ಹೆಚ್ಚು ಕಾಲ ಜೀವ ಇದ್ದಿರಬೇಕು.

ಅದನ್ನು ಹೇಳುವುದು ಅವಳಿಗೆ ಬೇಕಿರಲಿಲ್ಲ. ಹೇಳದೆ ವಿಧಿಯಿರಲಿಲ್ಲ.

"ನೀವು ಗುಂಡಿ ಒತ್ತಿದಾಗ ಅವರು ಬದುಕಿದ್ರು" ಎಂದಳು.

ತಮ್ಮ ತಲೆ ಎತ್ತಿದ. ಅವನಿಗೆ ಮೊದಲು ಅರ್ಥವಾದ ಹಾಗೆ ಕಾಣಲಿಲ್ಲ. ಆಮೇಲೆ ಅವನ ಕಣ್ಣು ತನ್ನ ಬಲಗೈ ಮೇಲೆ ಹೋಯಿತು, ಮೂಗಿನ ಹತ್ತಿರ ಹೋಗಿ ವಾಪಸು ಬಂದಿದ್ದ ಕೈ. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ. ಅಳು ಬರಲಿಲ್ಲ. ಯಾವುದೋ ಭಾರ ಎತ್ತುವವನ ಹಾಗೆ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ದಫೇದಾರರು ನೀರು ತಂದು ಅವನ ಪಕ್ಕ ಇಟ್ಟರು. ಅವನು ಅದನ್ನು ಮುಟ್ಟಲಿಲ್ಲ.

ಇನ್ಸ್‌ಪೆಕ್ಟರ್ ಕಾದಳು. ಮಂಡಿ ನೋಯುತ್ತಿದ್ದರೂ ಕೂರಲಿಲ್ಲ. ನಾನು ಅವತ್ತೇ ಸರಿಯಾಗಿ ನೋಡಿದ್ದರೂ ಆ ಮುದುಕ ಬದುಕುತ್ತಿರಲಿಲ್ಲ ಎಂದು ಮೊನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಿಜವೇ. ಆದರೆ ಈ ಮನುಷ್ಯ ಅವತ್ತೇ, ಬಾಯಿ ಕಟ್ಟಿಕೊಳ್ಳುವ ಮೊದಲೇ, ಇದನ್ನೆಲ್ಲ ಹೇಳಿ ಹಗುರಾಗುತ್ತಿದ್ದ. ಅಣ್ಣನ ಚಿತೆಯ ಮುಂದೆ ಸುಳ್ಳು ಮುಖ ಹೊತ್ತು ನಿಲ್ಲಬೇಕಾಗುತ್ತಿರಲಿಲ್ಲ. ಆ ಹನ್ನೊಂದು ದಿನ ಅವಳ ಲೆಕ್ಕಕ್ಕೇ ಸೇರಬೇಕು.

ಅವನ ಉಸಿರು ಹತೋಟಿಗೆ ಬಂದ ಮೇಲೆ ಅವಳು ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಅವತ್ತು ದಫೇದಾರರು ತೆಗೆದದ್ದು. ಹೆಣದ ತಲೆಯ ಪಕ್ಕದ ನೆಲ. ಎಲ್ಲೆಡೆ ಕೆಂಪು ಪುಡಿ ಸಮನಾಗಿ ಹಾಸಿದೆ. ಆದರೆ ತಲೆಯ ಹತ್ತಿರ, ಪಕ್ಕಪಕ್ಕದಲ್ಲಿ, ಎರಡು ಕಡೆ ಪುಡಿ ತೆಳ್ಳಗಿದೆ. ಎರಡೂ ಗುಂಡಗೆ, ಅಂಗೈಯಷ್ಟಗಲ.

"ನೀವು ಅಣ್ಣನ ಪಕ್ಕ ಮಂಡಿ ಊರಿ ಕೂತಿದ್ರಾ?"

ಇಲ್ಲ ಎಂದ. ಬಗ್ಗಿದ್ದು ನಿಜ, ಮಂಡಿ ಊರಲಿಲ್ಲ. ಆಗ ನೆಲದ ಮೇಲೆ ಪುಡಿಯೂ ಇರಲಿಲ್ಲ, ಕೆತ್ತನೆ ಶುರುವಾಗಿರಲಿಲ್ಲವಲ್ಲ.

"ಅದೇ ನಾನೂ ಅಂದ್ಕೊಂಡಿದ್ದು. ಇದು ಪುಡಿ ಬಿದ್ದ ಮೇಲೆ ಊರಿದ ಮಂಡಿ. ಅದರ ಮೇಲೆ ಮತ್ತೆ ಪುಡಿ ಬಿದ್ದಿದೆ."

ಕೈಚೀಲದಿಂದ ರಿಪೇರಿಯವನ ಎರಡನೇ ಹಾಳೆ ತೆಗೆದು ಅವನ ಮುಂದೆ ಹಿಡಿದಳು. ಸಾಲು ಸಾಲಾಗಿ ಹೊತ್ತು, ಅದರ ಮುಂದೆ ಯಂತ್ರ ಏನು ಮಾಡಿತೆಂಬ ಪುಟ್ಟ ಟಿಪ್ಪಣಿ. ಒಂದು ಕಡೆ ಅವಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಎರಡೂ ಹತ್ತಕ್ಕೆ ಯಂತ್ರವನ್ನು ಯಾರೋ ನಿಲ್ಲಿಸಿದ್ದಾರೆ. ಎರಡೂ ಹದಿನೇಳಕ್ಕೆ ನಿಂತ ಜಾಗದಿಂದಲೇ ಮತ್ತೆ ಹೊರಡಿಸಿದ್ದಾರೆ.

"ಆ ಹೊತ್ತಲ್ಲಿ ನೀವು ಔಷಧಿ ಅಂಗಡೀಲಿ ಒಂಬತ್ತು ಜನರ ಮುಂದೆ ಇದ್ರಿ. ಇಲ್ಲಿ ಏಳು ನಿಮಿಷ ಯಂತ್ರ ನಿಂತಿತ್ತು. ನಿಮ್ಮಣ್ಣನೇ ಎಚ್ಚರಾಗಿ ಎದ್ದು ನಿಲ್ಲಿಸಿರಬಹುದಾ?"

ತಮ್ಮ ಹಾಳೆಯನ್ನು ದಿಟ್ಟಿಸಿದ. ಅವನ ಮುಖದಲ್ಲಿ ಒಂದು ಕ್ಷಣ ಆಸೆ ಮೂಡಿ ಆರಿಹೋದದ್ದನ್ನು ಇನ್ಸ್‌ಪೆಕ್ಟರ್ ಕಂಡಳು.

ಅಣ್ಣನಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ ಎಂದ. ನಿಲ್ಲಿಸುವ ಕೆಂಪು ಗುಂಡಿ ದೊಡ್ಡದು, ಯಾರು ಬೇಕಾದರೂ ಗುದ್ದಬಹುದು. ಆದರೆ ಅರ್ಧದಲ್ಲಿ ನಿಂತದ್ದನ್ನು ನಿಂತ ಕಡೆಯಿಂದಲೇ ಹೊರಡಿಸುವುದು ಸುಲಭವಲ್ಲ. ಬಿಟ್ಟನ್ನು ಮೇಲೆತ್ತಿ, ಸಾಲು ಹುಡುಕಿ, ಹಿಂದಕ್ಕೆ ಹೋಗಿ, ಮತ್ತೆ ಇಳಿಸಬೇಕು. ಒಂದು ಕೂದಲೆಳೆ ತಪ್ಪಿದರೂ ಅಕ್ಷರ ಸೊಟ್ಟಗಾಗುತ್ತದೆ.

ಇಬ್ಬರೂ ಹಲಗೆ ನೋಡಿದರು. ಯಾವ ಅಕ್ಷರವೂ ಸೊಟ್ಟಗಿರಲಿಲ್ಲ.

"ನಂಗೇ ಅದು ಸರಿಯಾಗಿ ಬರಲ್ಲ ಮೇಡಂ" ಎಂದ ತಮ್ಮ, ತೀರ ಸಣ್ಣ ದನಿಯಲ್ಲಿ. "ಕರೆಂಟು ಹೋಗಿ ನಿಂತಾಗೆಲ್ಲ ನಾನು ಫೋನ್ ಮಾಡಿ ಕರೀತಿದ್ದೆ. ಬಂದು ಸರಿಮಾಡಿ ಕೊಟ್ಟು ಹೋಗ್ತಿದ್ಳು."

"ಯಾರು?"

ಅವನು ಹೇಳಬಾರದಿತ್ತು ಎಂದು ಆಗಲೇ ಹೊಳೆದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅವನ ಕಣ್ಣು ಮಾತ್ರ ಅವನ ಮಾತು ಕೇಳದೆ ಗಾಜಿನ ಕಿಟಕಿಯ ಕಡೆ ಹೋಯಿತು.

ಇನ್ಸ್‌ಪೆಕ್ಟರ್ ತಿರುಗಿದಳು. ಗಾಜಿನಾಚೆ ಕಂಪ್ಯೂಟರ್ ಉರಿಯುತ್ತಿತ್ತು. ಕುರ್ಚಿ ಖಾಲಿ.

ಅವತ್ತು ಇಡೀ ದಿನ ಎರಡು ಬೀದಿ ಆಚೆ ಮನೆಯಲ್ಲೇ ಇದ್ದೆ, ಚಿಕ್ಕಪ್ಪ ಫೋನು ಮಾಡಿದ ಮೇಲೆಯೇ ಗೊತ್ತಾದದ್ದು ಎಂದು ಆ ಹುಡುಗಿ ಹೇಳಿದ್ದಳು. ಅಳುತ್ತ ಹೇಳಿದ್ದಳು. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಪ್ಪ ಸತ್ತ ಮಗಳನ್ನು ಎಲ್ಲಿದ್ದೆ ಎಂದು ಎರಡು ಸಲ ಯಾರು ಕೇಳುತ್ತಾರೆ?

ದಫೇದಾರರು ಬಾಗಿಲಿಂದ ಪಕ್ಕಕ್ಕೆ ಸರಿದರು. ಮಗಳು ಹೊಸಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ನೆಲದ ಮೇಲೆ ಕೂತಿದ್ದ ಚಿಕ್ಕಪ್ಪನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಚಿಕ್ಕಪ್ಪ ಬೇಡ ಎಂಬಂತೆ ತಲೆಯಾಡಿಸುತ್ತಿದ್ದ.

ಅವಳು ಒಳಗೆ ಬಂದು, ಬಗ್ಗಿ, ನೀರಿನ ಲೋಟವನ್ನು ಅವನ ಕೈಗಿಟ್ಟಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಏಳು ನಿಮಿಷ ಸರಿ ಮೇಡಂ" ಎಂದಳು. "ಅಪ್ಪ ಮಾತಾಡಿದ್ದು ಐದೇ ನಿಮಿಷ. ಉಳಿದ ಎರಡು ನಿಮಿಷ, ಡಾಕ್ಟರನ್ನ ಕರೀಲಾ, ಯಂತ್ರ ಹೊರಡಿಸ್ಲಾ ಅಂತ ನಾನು ಯೋಚನೆ ಮಾಡ್ತಾ ಇದ್ದೆ."